ಅಕ್ಕನನ್ನು ಎತ್ತಲೊಂದು ಯಂತ್ರ

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮದು ಮೂವರ ತಂಡ. ನಾನು, ಬಂದ್ಯೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಗೆಳೆಯ, ಮತ್ತೆ ಬೋವಿಕಾನದ ಆಚೆಯ ಒಬ್ಬಳು ಹುಡುಗಿ. ನಮ್ಮ ಮೆಕ್ಯಾನಿಕಲ್ ಕ್ಲಾಸಿನಲ್ಲಿ ಹುಡುಗಿ ಎಂದು ಇದ್ದದ್ದು ಅವಳೊಬ್ಬಳೇ. ಉಳಿದ ತಂಡಗಳು ತೆಂಗಿನಕಾಯಿ ಸುಲಿಯುವ ಯಂತ್ರ, ಸೋಲಾರ್ ಸೈಕಲ್ ಎಂದು ಪ್ರತಿವರ್ಷದ ವಿಷಯಗಳನ್ನೇ ಬರೆದುಕೊಟ್ಟಿದ್ದವು. ನಾವೂ ಅಂಥದ್ದನ್ನೇ ಹುಡುಕುತ್ತ ಕ್ಯಾಂಟೀನಿನಲ್ಲಿ ಕೂತಿದ್ದಾಗ ಅವಳು ಕೇಳಿದಳು, “ನನ್ನ ಅಕ್ಕನನ್ನು ಎತ್ತಲಿಕ್ಕೆ ಒಂದು ಯಂತ್ರ ಮಾಡುವನಾ?”

ಇಷ್ಟು ವರ್ಷ ಜೊತೆಗೆ ಓದಿದರೂ ಅವಳಿಗೊಬ್ಬಳು ಅಕ್ಕ ಇರುವುದು ನಮಗೆ ಗೊತ್ತಿರಲಿಲ್ಲ. ಅಕ್ಕ ಹುಟ್ಟಿದಂದಿನಿಂದ ನಡೆದವಳಲ್ಲ, ಮಾತೂ ಇಲ್ಲ. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ ಅಮ್ಮನೇ ಎತ್ತಿಕೊಂಡು ಹೋಗಬೇಕು. ಅಪ್ಪ ತೀರಿಹೋಗಿದ್ದರು. ಅಮ್ಮನ ಬೆನ್ನುಮೂಳೆ ಸವೆದಿದೆ, ಇನ್ನು ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು.

“ಅವರಿಗೆ ಹೇಳಿದರೆ ಆಯಿತು. ಮತ್ತೆ ಎತ್ತುವುದು ಯಾರು?” ಎಂದಳು.

ಗೈಡ್ ಸರ್ ಮೊದಲು ಒಪ್ಪಲಿಲ್ಲ. ಇದರಲ್ಲಿ ಹೊಸತೇನುಂಟು, ದೊಡ್ಡ ಆಸ್ಪತ್ರೆಗಳಲ್ಲಿ ಇಂಥದ್ದು ಇದೆಯಲ್ಲ ಎಂದರು.

“ಅದು ನಮ್ಮ ಮನೆಯ ಬಾಗಿಲಿನಲ್ಲಿ ನುಗ್ಗುವುದಿಲ್ಲ ಸರ್,” ಎಂದಳು ಅವಳು. ಸರ್ ಪೆನ್ನು ತೆಗೆದು ಸಹಿ ಹಾಕಿದರು.

ಆ ಮನೆಯ ಬಾಗಿಲು, ಹೊಸ್ತಿಲು, ಮಂಚದ ಎತ್ತರ ಎಲ್ಲವನ್ನೂ ಅಳೆದು ತಂದೆವು. ಕಬ್ಬಿಣದ ಪೈಪಿನ ಚೌಕಟ್ಟು, ಕೆಳಗೆ ಗಾಲಿ, ಮೇಲೆ ಒಂದು ತೋಳು, ಅದರಿಂದ ಇಳಿಬಿಟ್ಟ ಬಟ್ಟೆಯ ಜೋಲಿ. ಹಿಡಿ ತಿರುಗಿಸಿದರೆ ತೋಳು ಮೇಲೇಳುತ್ತಿತ್ತು. ಬಂದ್ಯೋಡಿನವನು ವೆಲ್ಡಿಂಗಿನಲ್ಲಿ ಗಟ್ಟಿಗ. ವರ್ಕ್‌ಶಾಪಿನಲ್ಲಿ ಅವನನ್ನೇ ಜೋಲಿಯಲ್ಲಿ ಕೂರಿಸಿ ಎತ್ತಿದೆವು. “ಇಳಿಸಬೇಡ ಮಾರಾಯ, ನಿದ್ದೆ ಬರ್ತಾ ಉಂಟು,” ಎಂದು ನಗಿಸಿದ.

ಪಿಕಪ್ಪಿನಲ್ಲಿ ಅದನ್ನು ಮನೆಗೆ ಒಯ್ದ ದಿನ ಯಾರೂ ನಗಲಿಲ್ಲ. ಹಿಡಿ ತಿರುಗಿಸುವಾಗ ಹಲ್ಲುಚಕ್ರ ಕಟಕಟ ಎನ್ನುತ್ತಿತ್ತು. ನಮಗೆ ಅದು ಸದ್ದೇ ಅಲ್ಲ. ಆದರೆ ಅಕ್ಕ ಆ ಸದ್ದಿಗೆ ಕೈಕಾಲು ಸೆಟೆದು, ಕಣ್ಣು ಮೇಲೆ ಮಾಡಿ ಚೀರತೊಡಗಿದಳು. ಅಮ್ಮ ಓಡಿಬಂದು ಅವಳನ್ನು ಜೋಲಿಯಿಂದ ಎಳೆದು ಎದೆಗವುಚಿಕೊಂಡರು. “ಬೇಡ ಮಕ್ಕಳೇ. ನನ್ನ ಕೈಯಲ್ಲಾಗುವವರೆಗೆ ನಾನೇ ಎತ್ತುತ್ತೇನೆ,” ಎಂದರು.

ಯಂತ್ರವನ್ನು ವರ್ಕ್‌ಶಾಪಿಗೆ ವಾಪಸು ತರುವಾಗ ಅವಳು ಹೇಳಿದ್ದು ಒಂದೇ ಮಾತು: “ಸದ್ದು ತೆಗೆಯಬೇಕು.”

ಹಲ್ಲುಚಕ್ರ ಕಿತ್ತು ಕಾರಿಗೆ ಹಾಕುವಂಥ ತಿರುಪಿನ ಜಾಕಿ ಕೂರಿಸಿದೆವು. ಎತ್ತುವುದು ನಿಧಾನವಾಯಿತು, ಸದ್ದು ನಿಂತಿತು. ಜೋಲಿಯನ್ನು ಅಮ್ಮನ ಹಳೆಯ ಸೀರೆಗಳಿಂದಲೇ ಹೊಲಿಸಿದಳು; ಅಮ್ಮನ ವಾಸನೆ ಇದ್ದರೆ ಹೆದರಲಿಕ್ಕಿಲ್ಲ ಎಂದು. ಈ ಸಲ ಅಕ್ಕ ಚೀರಲಿಲ್ಲ. ತೂಗುತ್ತ ಬಾಗಿಲು ದಾಟಿ ಜಗಲಿಗೆ ಬಂದಳು. ಅಂಗಳದ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಗಂಟಲಿನಲ್ಲೇ ಏನೋ ದನಿ ತೆಗೆದಳು. “ಅದು ಖುಷಿಯ ದನಿ,” ಎಂದರು ಅಮ್ಮ. ಆಮೇಲೆ ಕೆಲವು ವಾರ ಆ ಮನೆಯಲ್ಲಿ ಯಾರೂ ಅಕ್ಕನನ್ನು ಕೈಯಲ್ಲಿ ಎತ್ತಲಿಲ್ಲ.

ಹೊರಗಿನ ಪರೀಕ್ಷಕರು ಬರುವಾಗ ಯಂತ್ರ ಕಾಲೇಜಿನಲ್ಲಿರಬೇಕಿತ್ತು. ಸಂಜೆಗೇ ತಂದುಬಿಡುತ್ತೇವೆ ಎಂದು ಅಮ್ಮನಿಗೆ ಹೇಳಿ ಒಯ್ದೆವು. ಪರೀಕ್ಷಕರು ಹಿಡಿ ತಿರುಗಿಸಿ ನೋಡಿ ಬಹಳ ಮೆಚ್ಚಿದರು. ಅದೇ ಮುಳುವಾಯಿತು. ಕಾಲೇಜಿನ ತಪಾಸಣೆಗೆ ತಂಡವೊಂದು ಬರಲಿದೆ, ಅಲ್ಲಿಯವರೆಗೆ ಇದು ಮುಂದಿನ ಹಾಲಿನಲ್ಲಿ ಇರಲಿ ಎಂದರು ಎಚ್‌ಒಡಿ. ಮನೆಯ ಪರಿಸ್ಥಿತಿ ವಿವರಿಸಿದೆವು. “ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ,” ಎಂದರು. ತಂಡದ ಭೇಟಿ ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು. ಅವಳು ಬೆಳಗ್ಗೆ ಬಂದವಳು ನೇರ ಆಫೀಸಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನಾವಿಬ್ಬರೂ ಜೊತೆಗೆ ನಿಲ್ಲುತ್ತಿದ್ದೆವು. ಗೈಡ್ ಸರ್ ಕೂಡ ಒಳಗೆ ಹೋಗಿ ಹೇಳಿ, ತಲೆ ತಗ್ಗಿಸಿ ಹೊರಬಂದರು.

ಮನೆಯಲ್ಲಿ ಅಮ್ಮ ಮತ್ತೆ ಕೈಯಲ್ಲಿ ಎತ್ತತೊಡಗಿದ್ದರು. ಒಂದು ಬೆಳಗ್ಗೆ ಬಚ್ಚಲಿನಲ್ಲಿ ಬೆನ್ನು ಸೆಳೆದು, ಎತ್ತಿಕೊಂಡಿದ್ದ ಮಗಳೊಂದಿಗೆ ಬಿದ್ದರು. ಅಕ್ಕನ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿತು. ಅಕ್ಕ ಮನೆಗೆ ಮರಳಲಿಲ್ಲ.

ಅಕ್ಕನ ಮಣ್ಣಿಗೆ ಹೋಗಿದ್ದೆವು. ಅಮ್ಮನಿಗೆ ಏಳಲಾಗುತ್ತಿರಲಿಲ್ಲ. ಅವಳು ಅಳಲಿಲ್ಲ; ಬಂದವರಿಗೆ ಚಾ ಕೊಡುತ್ತ ಓಡಾಡುತ್ತಿದ್ದಳು.

ಕಾಲೇಜಿನ ಸಮಾರಂಭದಲ್ಲಿ ನಮಗೆ ಅತ್ಯುತ್ತಮ ಪ್ರಾಜೆಕ್ಟಿನ ಬಹುಮಾನ ಘೋಷಿಸಿದರು. ಮೂವರಲ್ಲಿ ಯಾರೂ ವೇದಿಕೆಗೆ ಹೋಗಲಿಲ್ಲ. ಮರುದಿನ ಅವಳೇ ಪಿಕಪ್ ಮಾಡಿಸಿಕೊಂಡು ಬಂದಳು. ಹಾಲಿನಲ್ಲಿ ಯಂತ್ರದ ಬೋಲ್ಟು ಬಿಚ್ಚುವಾಗ ವಾಚ್‌ಮನ್ ತಡೆದ. ಗೈಡ್ ಸರ್ ಮೆಟ್ಟಿಲಿಳಿದು ಬಂದು, “ಬಿಡು, ನಾನು ಹೇಳಿದ್ದೆಂದು ಹೇಳು,” ಎಂದು ಒಂದು ಬದಿಗೆ ತಾವೇ ಕೈಹಚ್ಚಿದರು.

ಅಂಗಳದಲ್ಲಿ ಇಳಿಸಿದಾಗ ಅಮ್ಮ ಗೋಡೆ ಹಿಡಿದುಕೊಂಡು ಜಗಲಿಗೆ ಬಂದರು. ಬಹಳ ಹೊತ್ತು ನೋಡಿದರು.

“ಒಳಗೆ ತರಬೇಡಿ,” ಎಂದರು.

ಮಾರನೆಯ ವಾರ, ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ಪಾಲಿಯೇಟಿವಿನವರು ಬಂದು ಕೊಂಡೊಯ್ದರು. ಬೇರೆ ಯಾವುದೋ ಮನೆಯಲ್ಲಿ ಅದು ಬಳಕೆಯಲ್ಲಿದೆಯಂತೆ. ಬಂದ್ಯೋಡಿನವನು ಈಗ ದುಬಾಯಿಯಲ್ಲಿದ್ದಾನೆ. ಅವಳು ಎಂಜಿನಿಯರಿಂಗ್ ಕೆಲಸಕ್ಕೆ ಅರ್ಜಿಯನ್ನೇ ಹಾಕಲಿಲ್ಲ. ಅಮ್ಮನನ್ನು ಈಗ ಅವಳೇ ಹಿಡಿದು ನಡೆಸಬೇಕು. ಕಳೆದ ತಿಂಗಳು ನಾನು ಫೋನು ಮಾಡಿ, ಬೇರೆಯವರ ಮನೆಗೆ ಅಂಥದ್ದೇ ಇನ್ನೊಂದು ಮಾಡುವನಾ ಎಂದು ಕೇಳಿದೆ.

“ನೀವು ಮಾಡಿ,” ಎಂದಳು. “ನನ್ನಿಂದ ಆಗುವುದಿಲ್ಲ.”