ಬೇಲಿಯಿಲ್ಲದ ಒಂದೇ ಹೊಲ

ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೊರಟ ಬಸ್ಸು ಮಧ್ಯಾಹ್ನ ಪಂಕ್ಚರ್ ಆಗಿ ನಿಂತಿತು. ಇಳಿದು ಹೊಂಗೆ ಮರದ ನೆರಳಿಗೆ ಹೋದರೆ ಎಲ್ಲಿಂದಲೋ ಟಿಕ್ ಟಿಕ್ ಸದ್ದು. ಸುತ್ತಲಿನ ಮುಸುಕಿನ ಜೋಳದ ಹೊಲಗಳಿಗೆಲ್ಲ ತಂತಿಬೇಲಿ, ಕಂಬದ ಮೇಲೆ ಊಟದ ತಟ್ಟೆಯಷ್ಟು ಸೋಲಾರ್ ಪ್ಯಾನೆಲ್. ಟಿಕ್ ಟಿಕ್ ಅನ್ನುತ್ತಿದ್ದುದು ಆ ಬೇಲಿಯೇ; ಕಾಡುಹಂದಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ನಡುವೆ ಬೇಲಿಯಿಲ್ಲದ್ದು ಒಂದೇ ಹೊಲ. ಅಲ್ಲಿ ಜೋಳವೆಲ್ಲ ನೆಲಕ್ಕೆ ಮಲಗಿತ್ತು. ಹೊಲದ ಒಡತಿ ಜಯಮ್ಮ ಅಳಿದುಳಿದ ತೆನೆ ಆಯುತ್ತಿದ್ದರು.

"ನೀವೂ ಹಾಕಿಸಬಹುದಿತ್ತಲ್ಲ, ಈಗ ಅಗ್ಗವಂತೆ," ಎಂದೆ. ಪೇಟೆಯವನ ಮಾತು.

"ಸಬ್ಸಿಡಿ ಸಿಕ್ಕೋರ್ಗೆ ಅಗ್ಗ ಸಾ. ನಮ್ ಪಹಣಿ ಇನ್ನೂ ಸತ್ತೋದ ಮಾವನ ಎಸ್ರಲ್ಲೈತೆ, ಕೊಡಾಕಾಗಕಿಲ್ಲ ಅಂದ್ರು. ಮೊದ್ಲು ಯಾರ್ಗೂ ಬೇಲಿ ಇರ್ಲಿಲ್ಲ, ಅಂದಿ ಎಲ್ಲಾರ ಒಲಕ್ಕೂ ಒಸಿ ಒಸಿ ಬಾಯಾಕ್ತಿದ್ವು. ಈಗ ಎಲ್ಲಾ ನನ್ ಒಲಕ್ಕೇ ಬತ್ತವೆ."

ಹೊಲದ ಮೂಲೆಯಲ್ಲಿ ಕಾವಲಿನ ಅಟ್ಟಣೆ ಇನ್ನೂ ನಿಂತಿತ್ತು. ಅದರ ಗಳಕ್ಕೆ ಒಂದು ಖಾಲಿ ಎಣ್ಣೆ ಡಬ್ಬ ಕಟ್ಟಿದ್ದರು. ಈಗ ಕಾವಲಿಲ್ಲವೇ ಎಂದು ಕೇಳಿದೆ.

"ಆಗ ಎಲ್ಲಾರೂ ಸರದಿ ಮೇಲೆ ಬಂದು ಡಬ್ಬ ಬಡೀತಿದ್ರು ಸಾ," ಎಂದರು. "ಈಗ ನಾನೊಬ್ಳೇ ಬಡುದ್ರೆ, ನಿದ್ದೆ ಕೆಡ್ತದೆ ಸುಮ್ಕಿರು ಅಂತಾರೆ."