ಆರು ಹಲಗೆಗಳ ಕೆಳಗಿನ ತೊಟ್ಟಿ

ಈ ಹಳ್ಳಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಯಾರೂ ಮೀರಬಾರದ ಮಹಾಶಾಸನವೊಂದಿದೆ: ಪ್ರಸಂಗಪೀಠದ ಮುಂದಿನ ಆರು ಹಲಗೆಗಳ ಮೇಲೆ ಕುರ್ಚಿ ಇಡಕೂಡದು. ಬರೆದಿಟ್ಟವರಿಲ್ಲ, ಕಾಯುವವಳು ಒಬ್ಬಳಿದ್ದಾಳೆ. ಊರಿಗೆಲ್ಲ ಅವಳು ಬೀಗದಕ್ಕ.

ಬೆಳಗಿನ ಐದೂವರೆ. ಬೀಗದಕ್ಕ ಹಲಗೆಗಳನ್ನೆತ್ತಿ ಗೋಡೆಗೆ ಒರಗಿಸಿ, ಕೆಳಗಿನ ತೊಟ್ಟಿಗೆ ಇಳಿದಿದ್ದಾಳೆ. ಎದೆಮಟ್ಟದ ಗಾರೆ ತೊಟ್ಟಿ, ಐದು ಮೆಟ್ಟಿಲು. ವಿಶ್ವಾಸಕ್ಕೆ ಬಂದವರನ್ನು ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ ಕೊಡುವುದು ಇಲ್ಲೇ. ಒಂಬತ್ತು ವರ್ಷದಿಂದ ಒಣಗಿಕೊಂಡಿದೆ. ನಿನ್ನೆ ಇಪ್ಪತ್ತು ಕೊಡ ಸುರಿದು ಸೀಮೆಸುಣ್ಣದ ಗೆರೆ ಎಳೆದಿದ್ದಳು. ಈಗ ನೀರು ಗೆರೆಗಿಂತ ಮೂರು ಬೆರಳು ಕೆಳಗಿದೆ.

"ಎಲ್ಲಿ ಜಾರ್ಕೊಂಡ್ಯೋ ಮಹಾರಾಯ?" ಎನ್ನುತ್ತ ನೀರು ತೋಡಿ, ಬಿರುಕು ಹುಡುಕಿ ಸಿಮೆಂಟು ಮೆತ್ತುತ್ತಾಳೆ. ತೊಟ್ಟಿ ತುಂಬಲು ನೂರಾ ತೊಂಬತ್ತು ಕೊಡ ಬೇಕು. ಭಾನುವಾರಕ್ಕೆ ಉಳಿದಿರುವುದು ಎರಡೇ ದಿನ.

ಚರ್ಚಿಗೆ ಗೋಪುರವಿಲ್ಲ, ಬಣ್ಣದ ಗಾಜಿಲ್ಲ. ಎತ್ತರದ ಕಿಟಕಿ, ಬೋಳು ಗೋಡೆ. ಅತ್ತೆ ಬೀಗದ ಗೊಂಚಲು ಕೈಗಿತ್ತಾಗ ಬೆಂಚುಗಳಲ್ಲಿ ಇನ್ನೂರು ಜನ. ಈಗ ಹದಿನಾಲ್ಕು. ಸೋಮವಾರ ಕಣ್ಣಿನ ಡಾಕ್ಟರು ಪೀಠಕ್ಕೇ ಅಕ್ಷರದ ಪಟ ನೇತುಹಾಕುತ್ತಾರೆ. ಬುಧವಾರ ಹೊಲಿಗೆ ಕ್ಲಾಸು. ಈ ಭಾನುವಾರ ಕಳೆದರೆ ಕಟ್ಟಡ ಕಾಯಂ ಆಗಿ ಊರ ಗ್ರಂಥಾಲಯ.

ಭಾನುವಾರ ಮುಳುಗಬೇಕಾದವನು ಅವಳ ಗಂಡ, ಲಾರಿ ಮೆಕ್ಯಾನಿಕ್. "ಇಪ್ಪತ್ತೆಂಟು ವರ್ಷ ಹಿಂದಿನ ಬೆಂಚಲ್ಲಿ ಕೂತು ಗಡಿಯಾರ ನೋಡಿದ್ರು. ಈಗ ಹೂಂ ಅಂದಿದಾರೆ. ಈ ಭಾನುವಾರ ತಪ್ಪಿದ್ರೆ ಮತ್ತೆ ಕೈಗೆ ಸಿಗಲ್ಲ, ನಂಗೊತ್ತು," ಎನ್ನುತ್ತಾಳೆ ಬೀಗದಕ್ಕ.

ಎಂಟಕ್ಕೆ ಕಬ್ಬಿಣದ ರ‍್ಯಾಕುಗಳೊಂದಿಗೆ ಗುತ್ತಿಗೆದಾರ ಬರುತ್ತಾನೆ. "ಏನಮ್ಮಾ ಇದು ಗುಂಡಿ? ನಕ್ಷೇಲಿಲ್ಲ!"

"ನಕ್ಷೆ ಬರೆದೋರು ಬಾಗಿಲಲ್ಲೇ ನಿಂತು ಬರ್ಕೊಂಡು ಹೋದ್ರಲ್ಲ ಸ್ವಾಮಿ. ನಾನು ಮುಚ್ಚೇ ಇಟ್ಟಿದ್ರೆ ನಿಮ್ ರ‍್ಯಾಕು ಪುಸ್ತಕದ ಸಮೇತ ದೀಕ್ಷೆ ತಗೊಳ್ತಿತ್ತು."

"ಇವತ್ತೇ ಜಲ್ಲಿ ಸುರಿಸ್ತೀನಿ."

"ಸೋಮವಾರ ಸುರೀರಿ. ನಾನೇ ಬಾಂಡ್ಲಿ ಹೊರ್ತೀನಿ. ಎರಡು ದಿನ ಬಿಟ್ಬಿಡಿ, ಅಣ್ಣಾ."

ಸ್ವಾಮಿ ಅಣ್ಣನಾದದ್ದು ಕೇಳಿ ಅವನು ತೊಟ್ಟಿಯೊಳಗೆ ಇಣುಕುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ. ರ‍್ಯಾಕುಗಳನ್ನು ಪಕ್ಕದ ಗೋಡೆಗೆ ಸರಿಸಿ ಹೊರಟುಹೋಗುತ್ತಾನೆ.

ಇನ್ನೇನು ಬೇಕು ಎಂದು ಕೇಳಿದರೆ ಬೀಗದಕ್ಕ ಹಸಿ ಸಿಮೆಂಟಿನ ಮೇಲಿಂದ ಕಣ್ಣು ತೆಗೆಯುವುದಿಲ್ಲ. "ನೆತ್ತಿ ಮುಳುಗೋಷ್ಟು ನೀರು ನಿಂತ್ರೆ ಸಾಕು. ಕಮ್ಮಿಯಾದ್ರೆ ನಮ್ಮನೆಯವರು ಅದನ್ನೇ ನೆಪ ಮಾಡ್ಕೋತಾರೆ."

ಭಾನುವಾರ ನೀರು ಸೊಂಟದವರೆಗೆ ನಿಂತಿತು. ಮೆಕ್ಯಾನಿಕ್ ಮಂಡಿಯೂರಿ ಪೂರ್ತಿ ಮುಳುಗಿದ. ಸೋಮವಾರ ತೊಟ್ಟಿಗೆ ಜಲ್ಲಿ ಬಿತ್ತು.