ಕೆಂಪು ಅಂಗಿ ತೊಟ್ಟ ಕಪ್ಪೆ

ಮಗಾಂಗಾ ಯಾಂಗಾ ತಂಡದ ಒಂದು ಫುಟ್‌ಬಾಲ್ ಪಂದ್ಯವನ್ನೂ ಕಣ್ಣಾರೆ ನೋಡಿದವನಲ್ಲ. ಆದರೂ ನಮ್ಮ ದಾರ್ ಎಸ್ ಸಲಾಮಿನಲ್ಲಿ ಯಾಂಗಾದ ಬಗ್ಗೆ, ಅದರ ಹಗೆ ಸಿಂಬಾದ ಬಗ್ಗೆ ಅವನಷ್ಟು ಅಧಿಕಾರದಿಂದ ಮಾತಾಡುವವನನ್ನು ನಾನು ಕಂಡಿಲ್ಲ.

ನಾವಿಬ್ಬರೂ ಬಂದರಿನಲ್ಲಿ ಹಮಾಲಿಗಳು. ಪಂದ್ಯವಿದ್ದ ಮಧ್ಯಾಹ್ನ ಅರ್ಧಕ್ಕರ್ಧ ಗ್ಯಾಂಗು ಹೊಟ್ಟೆನೋವು ಅಂತ ಹೇಳಿ ಜಾಗ ಖಾಲಿ ಮಾಡುತ್ತಿತ್ತು. ಅವರ ಪಾಲಿನ ಮೂಟೆಗಳನ್ನೂ ಮಗಾಂಗಾನೇ ಹೊರುತ್ತಿದ್ದ. ಹೊತ್ತು ಮುಗಿಸಿ ಪೇರಿಸಿಟ್ಟ ಕತ್ತಾಳೆ ನಾರಿನ ಹೊರೆಗಳ ಮೇಲೆ ಅಂಗಾತ ಮಲಗಿ, ರೇಡಿಯೋವನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಬಿಸಿಲಿಗೆ ತಗಡಿನ ಮಾಡು ಟಿಕ್ ಟಿಕ್ ಅನ್ನುತ್ತಿತ್ತು. ನೀರಿನ ಹೊಳಪು ಆ ಮಾಡಿನ ಒಳಮೈ ಮೇಲೆ ಹಾವಿನ ಹಾಗೆ ಹರಿದಾಡುತ್ತಿತ್ತು. ರೇಡಿಯೋದವನ ದನಿ ಒಮ್ಮೆ ಏರಿ ಒಮ್ಮೆ ಗಾಳಿಗೆ ಕಳೆದುಹೋಗಿ ಮತ್ತೆ ಹಡಗಿನ ಆಚೆಯಿಂದ ತೇಲಿ ಬರುತ್ತಿತ್ತು. ಮಗಾಂಗಾನ ತುಟಿ ಅಲ್ಲಾಡುತ್ತಿತ್ತು, ಕಾಲಿನ ಹೆಬ್ಬೆರಳು ಮಿಡುಕುತ್ತಿತ್ತು. ಅವನ ಕಣ್ಣೊಳಗೆ ಹಳದಿ ಹಸಿರು ತೊಟ್ಟವರು ಸಮುದ್ರದ ಮೇಲೆಯೇ ಓಡುತ್ತಿದ್ದರಂತೆ. ಕಾಲು ಒದ್ದೆಯಾಗುತ್ತಿರಲಿಲ್ಲವಂತೆ. ಚೆಂಡು ಮೇಲೆ ಹೋದರೆ ಹಗಲುಚಂದ್ರನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು, ಯೋಚಿಸಿ, ಆಮೇಲೆ ಇಳಿಯುತ್ತಿತ್ತಂತೆ.

"ಒಂದು ಸಲ ಹೋಗಿ ನೋಡ್ಬಾರ್ದೇನೋ?" ಅಂತ ಕೇಳಿದ್ದೆ.

"ನೋಡಿದ್ರೆ ಏನ್ ಕಾಣತ್ತೆ? ಒಂದಿಷ್ಟು ಜನ ಚೆಂಡಿನ ಹಿಂದೆ ಬಿದ್ದಿರೋದು ಕಾಣತ್ತೆ. ಕಣ್ಮುಚ್ಚಿದ್ರೆ ಯಾಂಗಾ ಕಾಣತ್ತೆ."

ಅವನ ಮಗಳು ಒಮ್ಮೆ ಟಿವಿಯಲ್ಲಿ ತೋರಿಸಿದಳು. ಸ್ವಲ್ಪ ಹೊತ್ತು ನೋಡಿ, "ಇದ್ಯಾವ ಊರಿನ ಹುಲ್ಲು? ಇಷ್ಟು ಸಣ್ಣ ಮೈದಾನದಲ್ಲಿ ನಮ್ಮವ್ರು ಆಡಲ್ಲ" ಅಂತ ಎದ್ದು ಹೋದ.

ಅವನ ಅಭಿಪ್ರಾಯಗಳೆಲ್ಲ ಹುಟ್ಟುತ್ತಿದ್ದುದು ನಮ್ಮ ಕೆಕೊ ಬಡಾವಣೆಯಲ್ಲಿ, ಬೇವಿನ ಮರದ ಕೆಳಗಿನ ಕಾಫಿ ಬೆಂಚಿನ ಮೇಲೆ. ಶುಂಠಿ ಹಾಕಿದ ಕಡುಕಾಫಿ, ಬಟ್ಟಲು ಬೆರಳುಗಾತ್ರದ್ದು, ಪಕ್ಕದಲ್ಲಿ ಶೇಂಗಾ ಚಿಕ್ಕಿ. ಸೈನ್ಯದವರ ತಂಡ, ಜೈಲಿನವರ ತಂಡದ ಬಗ್ಗೆ ಅವನಿಗೆ ತಾತ್ಸಾರ. "ಗೆದ್ರೂ ಸಂಬಳ, ಸೋತ್ರೂ ಸಂಬಳ. ಹಸಿವಿಲ್ಲದವ್ರು ಏನ್ ಓಡ್ತಾರೆ?" ಐಸ್‌ಕ್ರೀಮ್ ಮಾರುವವರು ಕಟ್ಟಿದ ತಂಡ ಒಳ್ಳೆಯ ಆಟ ಆಡುತ್ತದೆ ಅಂತ ಯಾರಾದರೂ ಅಂದರೆ, "ಆಡ್ಲಿ. ಆದ್ರೆ ಅವ್ರು ಸೋತಾಗ ಈ ಊರಲ್ಲಿ ಯಾರ ಮನೇಲಿ ಒಲೆ ಹಚ್ಚಲ್ಲ ಹೇಳು. ಒಂದು ಮನೆ ತೋರ್ಸು" ಅನ್ನುತ್ತಿದ್ದ. ಸಿಂಬಾದ ಬಗ್ಗೆಯಂತೂ ಅವನ ಮಾತು ಬದಲಾದದ್ದೇ ಇಲ್ಲ. ಹಿಂದೆ ಎಲ್ಲ ಒಂದೇ ಮನೆ. ಜಗಳ ಮಾಡಿಕೊಂಡು ನಮ್ಮ ಚಾಪೆಯಿಂದ ಎದ್ದು ಹೋದವರು ಅವರು. "ಇವತ್ತಿಗೂ ಸಿಂಬಾದವನ ಕುಂಡಿ ನೋಡು, ನಮ್ಮ ಚಾಪೆ ಗೆರೆ ಇರತ್ತೆ."

ಈ ಮಾತಿಗೆ ಉತ್ತರ ಕೊಡುವ ಹಕ್ಕು ಇದ್ದವನು ಪಾಜಿ.

ಪಾಜಿ ಅದೇ ಓಣಿಯ ದರ್ಜಿ, ಜರಾಮೊ ಜನದವನು, ಹುಟ್ಟಾ ಸಿಂಬಾ. ಮಗಾಂಗಾನ ಹಿರಿಯರು ಒಳನಾಡಿನಿಂದ ತಲೆಹೊರೆ ಹೊತ್ತು ಕರಾವಳಿಗೆ ಇಳಿದ ನ್ಯಾಮ್ವೆಜಿಗಳು. ಈ ಎರಡು ಜನಾಂಗದ ನಡುವೆ ತಾತಂದಿರ ಕಾಲದಿಂದ ಉತಾನಿ ಇದೆ. ಬೈಗುಳದ ನೆಂಟಸ್ತಿಕೆ ಅಂದರೂ ಆದೀತು. ಬೈಗುಳದ ನೆಂಟ ಏನಂದರೂ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ತಟ್ಟೆಯಿಂದ ಮೀನು ಕಿತ್ತುಕೊಂಡರೂ ಕೇಳುವ ಹಾಗಿಲ್ಲ. ಇಬ್ಬರಲ್ಲಿ ಒಬ್ಬ ಸತ್ತರೆ, ಮನೆಯವರೆಲ್ಲ ಅಳುವಾಗ ಇನ್ನೊಬ್ಬ ಅಳಬಾರದು. ಸತ್ತವನ ಬಟ್ಟೆ ತೊಟ್ಟು, ಅವನ ಹಾಗೆ ನಡೆದು, ಅವನನ್ನು ಆಡಿಕೊಂಡು ಸಾವಿನಂಗಳವನ್ನು ನಗಿಸಬೇಕು. ಯಾಂಗಾ ಸಿಂಬಾ ನಡುವೆಯೂ ಅದೇ ನೆಂಟಸ್ತಿಕೆ ಅಂತ ಊರೇ ಒಪ್ಪಿದೆ. ಹಾಗಾಗಿ ಇವರಿಬ್ಬರದು ಎರಡೆರಡು ಗಂಟು.

ಜಂಗ್ವಾನಿಯ ತಗ್ಗಿನಲ್ಲಿರುವ ಯಾಂಗಾದ ಕಟ್ಟಡಕ್ಕೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ, ಅದಕ್ಕೆ ಯಾಂಗಾದವರು ಕಪ್ಪೆಗಳು. ಸಿಂಬಾದವರು ಬಾಲಗಳು. ಸಿಂಬಾ ಅಂದರೆ ಸಿಂಹ ತಾನೆ, ಮುಂಭಾಗ ಯಾರೂ ಕಂಡಿಲ್ಲ ಅನ್ನುವುದು ನಮ್ಮ ವಾದ.

ಪಾಜಿ ಒಂದು ಪಂದ್ಯವನ್ನೂ ಬಿಟ್ಟವನಲ್ಲ. ತಾನೇ ಹೊಲಿದ ಕೆಂಪು ಅಂಗಿ ತೊಟ್ಟು ಮೈದಾನಕ್ಕೆ ಹೋಗಿ, ಎಡಗಾಲು ಎಳೆಯುತ್ತ ಸಂಜೆಗೆ ಬೆಂಚಿಗೆ ಬಂದು ಕೂರುತ್ತಿದ್ದ.

"ಏನ್ ಕಪ್ಪೆ, ರೇಡಿಯೋ ಏನಂತು?"

"ನಾವು ಗೆದ್ವಂತೆ."

"ರೇಡಿಯೋಗೆ ಕಣ್ಣಿಲ್ಲ ಮಾರಾಯ. ನಾನ್ ಹೇಳ್ತೀನಿ ಕೇಳು. ನಿಮ್ಮ ಗೋಲ್‌ಕೀಪರ್ ಕಂಬಾನ ಅಪ್ಪಿಕೊಂಡು, ಅಮ್ಮಾ ಮನೆಗೆ ಕರ್ಕೊಂಡು ಹೋಗು ಅಂತಿದ್ದ."

ಅಲ್ಲಿಂದ ಶುರು. ಮೊದಲ ಒದೆತದಿಂದ ಕೊನೆಯ ಸೀಟಿಯವರೆಗೆ, ಅರ್ಧ ನಿಜ ಅರ್ಧ ಸುಳ್ಳು. ಯಾವನ ಬೂಟಿನ ದಾರ ಬಿಚ್ಚಿತ್ತು, ಯಾವನು ಹುಡುಗಿಯರ ಕಡೆ ನೋಡಿ ಚೆಂಡು ಬಿಟ್ಟ, ಎಲ್ಲ. ಮಗಾಂಗಾ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದ, ನಡುನಡುವೆ "ಸುಳ್ಳು" ಅನ್ನುತ್ತಿದ್ದ. ಯಾಂಗಾ ನ್ಯಾಯವಾಗಿ ಸೋತಿತು ಅಂತ ಮಾತ್ರ ಒಂದು ದಿನವೂ ಒಪ್ಪಿದವನಲ್ಲ. ಬೇವಿನ ಹೂ ಇಬ್ಬರ ತಲೆ ಮೇಲೂ ಉದುರುತ್ತಿತ್ತು.

ಬಂದರಿನಲ್ಲಿ ನಾವು ಮುಷ್ಕರ ಹೂಡಿ ಕೆಲಸ ನಿಲ್ಲಿಸಿದ ಕಾಲದಲ್ಲಿ ಗುತ್ತಿಗೆದಾರನೊಬ್ಬ ಸಿಂಬಾದ ಹಮಾಲಿಗಳನ್ನಷ್ಟೇ ಒಳಗೆ ಕರೆದು, ನೀವು ಬುದ್ಧಿವಂತರು, ಆ ಕಪ್ಪೆಗಳ ಜೊತೆ ಯಾಕೆ ಅಂದ. ಯೂನಿಯನ್ನಿನ ನಾವು ಗೇಟಿನ ಹೊರಗೆ ಭಾಷಣ ತಯಾರು ಮಾಡುತ್ತಿದ್ದೆವು. ಅಷ್ಟರಲ್ಲಿ ಮಗಾಂಗಾ ಗೇಟು ಹತ್ತಿ ಕೂಗಿದ: "ಲೋ ಬಾಲಗಳಾ, ನಿಮ್ಮನ್ನ ಬೈಯೋ ಹಕ್ಕು ನಮ್ದು. ಹೊರಗಿನವನು ಬೈದ್ರೂ ಸಹಿಸಲ್ಲ, ಹೊಗಳಿದ್ರೂ ಸಹಿಸಲ್ಲ. ಬನ್ನಿ ಈಚೆ." ಬಂದರು. ನಮ್ಮ ಭಾಷಣ ಜೇಬಿನಲ್ಲೇ ಉಳಿಯಿತು.

ಇಷ್ಟಾದರೂ ಕೆಂಪು ಬಣ್ಣ ಅವನ ಮೈ ಸೋಕಿದ್ದಿಲ್ಲ. ಮದುವೆಗೆ ಬೀಗರು ಕೊಟ್ಟ ಕೆಂಪು ಅಂಚಿನ ಲುಂಗಿಯನ್ನು ಅಂಚು ಕತ್ತರಿಸಿ ಉಟ್ಟ. ಆ ಅಂಚು ಕತ್ತರಿಸಿಕೊಟ್ಟವನು ಪಾಜಿಯೇ. "ಹರಾಮ್ ಕಪ್ಪೆ, ನಿನ್ನ ರಕ್ತಾನೂ ಬಸಿದು ಹಸಿರು ತುಂಬಿಸ್ಕೊ ಹೋಗು" ಅಂತ ಬೈದುಕೊಂಡೇ ಕತ್ತರಿಸಿದ.

ಕಳೆದ ಮಳೆಗಾಲಕ್ಕೆ ಮುಂಚೆ ಪಾಜಿ ಹಾಸಿಗೆ ಹಿಡಿದ. ಕಾಮಾಲೆ ಅಂದರು, ಪಿತ್ತಕೋಶ ಅಂದರು. ನಾವು ನೋಡಲು ಹೋದಾಗ ಕಣ್ಣೆಲ್ಲ ಅರಿಶಿನದ ಹಾಗೆ ಆಗಿತ್ತು.

ಮಗಾಂಗಾ ಬಗ್ಗಿ ನೋಡಿ, "ಕೊನೆಗೂ ನಮ್ ಬಣ್ಣಕ್ಕೆ ಬಂದ್ಯಲ್ಲೋ" ಅಂದ.

ಪಾಜಿ ನಕ್ಕ, ಕೆಮ್ಮಿದ. "ನೋಡು, ನಾನ್ ಹೋದ್ಮೇಲೆ ನೀನ್ ಅಳ್ಬೇಡ. ಕಪ್ಪೆ ಅತ್ರೆ ಮಳೆ ಬರತ್ತೆ. ನನ್ ಗುಂಡಿ ತುಂಬ ನೀರಾಗತ್ತೆ. ನಂಗೆ ಈಜಕ್ಕೆ ಬರಲ್ಲ."

"ಬಾಲ ಅಲ್ಲಾಡ್ಸು, ತೇಲ್ತೀಯ."

ಪಾಜಿಯ ಹೆಂಡತಿ ಬೀ ಸಿಕುಜುವಾ ಬಾಗಿಲಲ್ಲಿ ನಿಂತು ಇಬ್ಬರಿಗೂ ಬೈದಳು.

ಒಂದು ಬೆಳಿಗ್ಗೆ ಸುದ್ದಿ ಬಂತು. ನಾನೂ ಮಗಾಂಗಾನೂ ಹೋದಾಗ ಅಂಗಳದಲ್ಲಿ ಚಾಪೆ ಹಾಸಿತ್ತು, ಒಳಗೆ ಹೆಂಗಸರ ದನಿ, ಹೊರಗೆ ದೊಡ್ಡ ಪಾತ್ರೆಯಲ್ಲಿ ಅನ್ನ ಕುದಿಯುತ್ತಿತ್ತು. ಮೈ ತೊಳೆದು ಕಫನ್ ಹೊದಿಸಿಯಾಗಿತ್ತು. ಮಧ್ಯಾಹ್ನದ ನಮಾಜಿಗೆ ಜನಾಜಾ ಮಸೀದಿ ಸೇರಬೇಕು. ಮಗಾಂಗಾ ಅಂಗಳಕ್ಕೆ ಕಾಲಿಟ್ಟದ್ದೇ ಜನ ದಾರಿ ಬಿಟ್ಟರು. ಕೆಲವರು ಆಗಲೇ ನಗು ತಡೆದು ತುಟಿ ಬಿಗಿಹಿಡಿದಿದ್ದರು, ಈಗ ಏನೋ ಅಂತಾನೆ ಅಂತ.

ಅವನು ಹೊಸ್ತಿಲ ಹತ್ತಿರ ಹೋಗಿ, ಗೋಡೆಗೆ ಹಣೆ ಒತ್ತಿ, ಗೊಳೋ ಅಂತ ಅತ್ತುಬಿಟ್ಟ.

ಬೇರೆ ಊರಿನವರಿಗೆ ಇದರಲ್ಲಿ ತಪ್ಪು ಕಾಣದು. ನಮ್ಮಲ್ಲಿ ಬೈಗುಳದ ನೆಂಟ ಅತ್ತರೆ ಸತ್ತವನನ್ನು ಕೈಬಿಟ್ಟ ಹಾಗೆ. ಮುದುಕರು ನೆಲ ನೋಡಿದರು. ಪಾಜಿಯ ಮಗಳ ಗಂಡ, ಓದಿಕೊಂಡವನು, "ಒಳ್ಳೇದಾಯ್ತು ಬಿಡಿ, ಈ ಕೋತಿಯಾಟ ಈಗ ಬೇಡ, ಎತ್ತಿ" ಅಂದ. ನಾಲ್ಕು ಜನ ಬಗ್ಗಿ ಜನಾಜಾದ ಚಟ್ಟ ಎತ್ತಿದರು.

ಬೀ ಸಿಕುಜುವಾ ಹೊರಗೆ ಬಂದಳು. ಗಂಡನ ಬೈಗುಳದ ನೆಂಟ ಅವಳಿಗೆ ಮೈದುನನ ಲೆಕ್ಕ. ಕೈಯಲ್ಲಿ ಆ ಕೆಂಪು ಅಂಗಿ ಇತ್ತು.

"ಇಳ್ಸಿ ಕೆಳಗೆ," ಅಂದಳು ಅಳಿಯನ ಕಡೆ ನೋಡದೆ. ಆಮೇಲೆ ಮಗಾಂಗಾನಿಗೆ: "ಏನ್ ಮೈದ್ನ, ಅಳಕ್ಕೆ ನಾವ್ ಇಷ್ಟೊಂದು ಜನ ಇಲ್ವಾ? ನಿನ್ನ ಕೆಲ್ಸ ಯಾರು ಮಾಡ್ತಾರೆ, ನಿಮ್ಮಪ್ಪನಾ? ಅವ್ರೇನು ನಾಯಿನಾ, ಬೈಯೋರಿಲ್ದೆ ಹೋಗಕ್ಕೆ? ಹಾಕ್ಕೊ ಇದನ್ನ."

"ಕೆಂಪು ಆಗಲ್ಲ ಸಿಕುಜುವಾ. ಬೇರೆ ಏನಾದ್ರೂ ಕೊಡು. ಟೋಪಿ ಕೊಡು."

"ಟೋಪಿ ತೊಟ್ಟು ಮೈದಾನಕ್ಕೆ ಹೋಗ್ತಿದ್ರಾ ಅವ್ರು?"

ಮಗಾಂಗಾ ನನ್ನ ಕಡೆ ನೋಡಿದ. ನಾನೂ ಯಾಂಗಾದವನೇ, ಅನ್ನದ ಪಾತ್ರೆಯ ಕಡೆ ತಿರುಗಿದೆ. ಮುಷ್ಕರದಲ್ಲಿ ಪೊಲೀಸರ ಲಾಠಿ ಎದುರಿಗೆ ಕದಲದವನು ಆ ಅಂಗಿಯ ಎದುರಿಗೆ ಒಂದು ಹೆಜ್ಜೆ ಹಿಂದೆ ಇಟ್ಟ. ಅಂಗಿ ಹಳೆಯದು, ಕಂಕುಳಲ್ಲಿ ಬೆವರಿನ ಕಲೆ. ಕೊನೆಗೆ ಕೈ ಚಾಚಿ ತೆಗೆದುಕೊಂಡ. ತಲೆ ತೂರಿಸಿದ. ಹೊಟ್ಟೆಯ ಹತ್ತಿರ ಸಿಕ್ಕಿಕೊಂಡಿತು.

"ಥೂ," ಅಂದ ಒಳಗಿನಿಂದಲೇ. "ಹೊಲಿಗೆ ಬರ್ದೇ ಇರೋ ದರ್ಜಿ. ಹೊಟ್ಟೆ ಇರೋರಿಗೆ ಜಾಗಾನೇ ಇಟ್ಟಿಲ್ಲ. ಸಿಂಬಾದವ್ರಿಗೆ ತಿನ್ನಕ್ಕೆ ಏನಿತ್ತು, ಹೊಟ್ಟೆ ಬರಕ್ಕೆ?"

ಹಿಂದೆ ಯಾರೋ ಮೂಗಿನಲ್ಲಿ ನಕ್ಕರು.

ತಲೆ ಹೊರಗೆ ಬಂದಾಗ ಅದು ಮಗಾಂಗಾನ ಮುಖ ಅನ್ನುವುದು ನನಗೆ ಒಂದು ಕ್ಷಣ ಮರೆತುಹೋಯಿತು. ಎಡಗಾಲು ಎಳೆಯುತ್ತ ಬಂದ, ಚಾಪೆಯ ಮೇಲೆ ಕೂತ, ತೊಡೆ ತಟ್ಟಿದ. "ಏನ್ ಕಪ್ಪೆ, ರೇಡಿಯೋ ಏನಂತು? ರೇಡಿಯೋಗೆ ಕಣ್ಣಿಲ್ಲ ಮಾರಾಯ." ಪಾಜಿಯ ದನಿ, ಪಾಜಿಯ ಕೆಮ್ಮು. ಯಾಂಗಾ ಸೋತ ಒಂದು ಹಳೆಯ ಪಂದ್ಯವನ್ನು ಮೊದಲ ಒದೆತದಿಂದ ಹೇಳುತ್ತ ಹೋದ. ಗೋಲ್‌ಕೀಪರ್ ಕಂಬ ಅಪ್ಪಿಕೊಂಡದ್ದು, ಬೂಟಿನ ದಾರ, ಹುಡುಗಿಯರು, ಒಂದೂ ಬಿಡಲಿಲ್ಲ. ಬಿಸಿಲು ಅಂಗಳದ ಮೇಲೆ ನಿಂತುಬಿಟ್ಟಿತ್ತು. ಅನ್ನದ ಹಬೆ, ಮಣ್ಣಿನ ವಾಸನೆ, ಆ ದನಿ ಎಲ್ಲ ಸೇರಿ ಎಷ್ಟು ಹೊತ್ತಾಯಿತೆಂದು ಯಾರಿಗೂ ತಿಳಿಯಲಿಲ್ಲ. ಕೆಂಪು ಅಂಗಿಯವರು ನಮ್ಮ ಆಟಗಾರರ ಸಾಲುಗಳ ನಡುವೆ ನೀರಿನ ಮೇಲೆ ಹೋಗುವ ಹಾಗೆ ಹೋಗುತ್ತಿದ್ದರು, ನಾನೂ ನೋಡಿದೆ. ಕೊನೆಗೆ ಪಾಜಿಯ ದನಿಯಲ್ಲೇ ಅಂದ: "ಹೇಳು ಕಪ್ಪೆ, ನ್ಯಾಯವಾಗಿ ಸೋತ್ರೋ ಇಲ್ವೋ?" ಆಮೇಲೆ ತನ್ನ ದನಿಯಲ್ಲಿ: "ಸೋತ್ವಿ ಕಣೋ. ನ್ಯಾಯವಾಗೇ ಸೋತ್ವಿ."

ಒಳಗಿನಿಂದ ಹೆಂಗಸರು ನಗುತ್ತಿದ್ದರು. ಮಗಾಂಗಾ ಎದ್ದು ಜನಾಜಾದ ಸುತ್ತ ಒಂದು ಸುತ್ತು ಬಂದ. ಅದರ ಮೇಲೆ ಮಸೀದಿಯಿಂದ ತಂದ ಹಸಿರು ಬಟ್ಟೆ ಹೊದಿಸಿತ್ತು, ಎಲ್ಲರಿಗೂ ಹೊದಿಸುವಂಥದ್ದೇ.

"ಅಯ್ಯೋ ಬಾಲ," ಅಂದ ಮೆಲ್ಲಗೆ. "ನನ್ಗೆ ನಿನ್ನ ಕೆಂಪು ಹಾಕ್ಸಿ, ನೀನ್ ನೋಡಿದ್ರೆ ನಮ್ಮ ಹಸಿರು ಹೊದ್ಕೊಂಡು ಹೊರಟಿದೀಯಲ್ಲೋ. ಹಿಂಗೆ ತಂಡ ಬದಲಾಯ್ಸೋದಾಗಿದ್ರೆ ಮೊದ್ಲೇ ಹೇಳ್ಬಾರ್ದಾ?"

ಆಗ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಸಿಕುಜುವಾ ಬಾಗಿಲ ಚೌಕಟ್ಟು ಹಿಡಿದು ನಗುತ್ತ ಅತ್ತಳು. ಮಸೀದಿಯ ಹಿರಿಯರು ಗಡ್ಡದೊಳಗೆ ನಕ್ಕು, "ಸಾಕು ಮಗಾಂಗಾ ಯಜಮಾನ, ನಮಾಜಿಗೆ ಹೊತ್ತಾಯ್ತು" ಅಂದರು. ಅಳಿಯನೇ ಮೊದಲು ಹೆಗಲು ಕೊಟ್ಟ. ಮಗಾಂಗಾ ಇನ್ನೊಂದು ಬದಿಗೆ.

ಆಮೇಲಿನ ಪಂದ್ಯದ ದಿನ ಅವನು ಬೇವಿನ ಕೆಳಗೆ ರೇಡಿಯೋ ಹಚ್ಚಿ ಕಣ್ಣು ಮುಚ್ಚಿದ. ತುಸು ಹೊತ್ತಿಗೇ ತೆಗೆದ. ಮತ್ತೆ ಮುಚ್ಚಿದ, ಮತ್ತೆ ತೆಗೆದ.

"ಏನೂ ಕಾಣ್ತಿಲ್ಲ," ಅಂದ.

"ವಯಸ್ಸಾಯ್ತಲ್ಲ" ಅಂದೆ.

"ವಯಸ್ಸಲ್ಲ ಕಣೋ. ಹೇಳೋನು ಇಲ್ಲ." ರೇಡಿಯೋ ಆರಿಸಿದ. "ಆ ಮೈದಾನಕ್ಕೆ ಯಾವ ಬಸ್ ಹೋಗತ್ತೆ?"

ಮುಂದಿನ ಪಂದ್ಯ ಸಿಂಬಾದ ಮೇಲೆಯೇ. ನಾನು ಜೊತೆಗೆ ಹೋದೆ. ಹಳದಿ ಅಂಗಿ ತೊಟ್ಟವನು ಜನರ ನೂಕಿನಲ್ಲಿ ತಪ್ಪು ಬಾಗಿಲಿನಿಂದ ಹೋಗಿ ಕೂತದ್ದು ಎರಡು ಬಣ್ಣ ಸೇರುವ ಅಂಚಿನಲ್ಲಿ. ಮೈದಾನ ಅವನೆಣಿಸಿದ್ದಕ್ಕಿಂತ ಸಣ್ಣದೇ. ಆಟಗಾರರು ಓಡುತ್ತಿದ್ದುದು ನೆಲದ ಮೇಲೆಯೇ. ಅವನು ಹೇಳಿದ್ದು ಸರಿ, ಒಂದಿಷ್ಟು ಜನ ಚೆಂಡಿನ ಹಿಂದೆ ಬಿದ್ದಿದ್ದರು. ಮಗಾಂಗಾನ ಮುಖ ಸಪ್ಪಗಾಯಿತು. ವಾಪಸ್ಸು ಹೋಗೋಣ ಅನ್ನುತ್ತಾನೆ ಅಂದುಕೊಂಡೆ.

ಅಷ್ಟರಲ್ಲಿ ಕೆಂಪು ಅಂಗಿಯ ದಪ್ಪ ಮನುಷ್ಯನೊಬ್ಬ ಕೂರಲು ಜಾಗ ಹುಡುಕುತ್ತ ಬಂದು, ಮಗಾಂಗಾನ ತಲೆ ಅಡ್ಡ ಬಂತು ಅಂತ ಗದರಿಸಿದ. "ಏ ಮುದಿ ಕಪ್ಪೆ, ಬಾವಿಗೆ ಹೋಗಿ ಕೂತ್ಕೊ. ಇಲ್ಲಿ ಮನುಷ್ಯರು ನೋಡ್ತಾರೆ."

ಮಗಾಂಗಾ ತಲೆ ಎತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ನನ್ನನ್ನು ಮೊಣಕೈಯಿಂದ ಆಚೆ ತಳ್ಳಿ, ಪಕ್ಕದ ಸಿಮೆಂಟನ್ನು ಅಂಗೈಯಿಂದ ಒರೆಸಿದ.

"ಬಾ, ಇಲ್ಲಿ ಜಾಗ ಇದೆ," ಅಂದ. "ಬಾಲ ಮಡಚ್ಕೊಂಡು ಕೂತ್ಕೊ."